ಹುಷಾರಾದ ಹಸುವಿನ ರಕ್ತದಲ್ಲಿ ಇನ್ನೂ ಅದೇ ರೋಗಾಣು. ಇದು ಹೇಗೆ ಸಾಧ್ಯ?

ಕೊಟ್ಟಿಗೆಯಾತ
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ನಾಲ್ಕು ಸೀಮೆ ಹಸುಗಳಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದಕ್ಕೆ ಜ್ವರ ಬಂತು. ಮೇವು ಬಿಟ್ಟಿತು, ಮೆಲುಕು ನಿಂತಿತು, ಹೊತ್ತಿಗೆ ಎಂಟು ಲೀಟರ್ ಕೊಡುತ್ತಿದ್ದದ್ದು ಎರಡಕ್ಕೆ ಇಳಿಯಿತು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆಲ್ಲ ಬಿಳಿಚಿ ಹಳದಿ. ಡಾಕ್ಟರು ಕಿವಿ ತುದಿಯಿಂದ ರಕ್ತ ತೆಗೆದು ಸ್ಲೈಡ್ ನೋಡಿ ಅನಾಪ್ಲಾಸ್ಮಾ ಎಂಬ ರೋಗಾಣು ಎಂದರು. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ವಾರದಲ್ಲಿ ಹಸು ಎದ್ದು ಹಿಂಡಿ ತಿನ್ನತೊಡಗಿತು.

ಈಗ ಮೂರು ತಿಂಗಳಾಗಿದೆ. ಹಸು ಗಟ್ಟಿಮುಟ್ಟಾಗಿದೆ. ಕೊಳ್ಳಲು ಒಬ್ಬರು ಬಂದರು, ರಕ್ತ ಪರೀಕ್ಷೆ ಆಗಲಿ ಎಂದರು. ಪಿಸಿಆರ್ (ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆ) ಮಾಡಿಸಿದರೆ ಅನಾಪ್ಲಾಸ್ಮಾ ಇದೆ ಎಂದು ಬಂತು! ಡಾಕ್ಟರನ್ನು ಕೇಳಿದೆ. "ಅದು ವೇಷ ಬದಲಿಸುತ್ತಾ ಇರುತ್ತೆ, ಹಸು ಇರೋವರೆಗೂ ಇರುತ್ತೆ" ಎಂದು ಹೇಳಿ ಬೈಕ್ ಹತ್ತಿ ಹೊರಟೇ ಹೋದರು.

ನನಗೆ ಅರ್ಥವಾಗದ್ದು ಇಷ್ಟೇ. ಒಮ್ಮೆ ದಡಾರ ಬಂದ ಮಕ್ಕಳಿಗೆ ಮತ್ತೆ ಬರುವುದಿಲ್ಲ. ಮೈ ಆ ರೋಗವನ್ನು ನೆನಪಿಟ್ಟುಕೊಳ್ಳುತ್ತದೆ ಅಂತಾರೆ. ಈ ಹಸುವಿನ ಮೈಗೆ ಯಾಕೆ ನೆನಪಿಲ್ಲ? ವೇಷ ಬದಲಿಸುವುದು ಎಂದರೆ ನಿಜಕ್ಕೂ ಏನು? ಇನ್ನೊಂದು, ಕೊಳ್ಳುವವರಿಗೆ ಹೇಳಬೇಕಾ?

ಮಲೆನಾಡ ಮಳೆ
ಉಣುಗು ಕಚ್ಚಿ ಬರುವ ರೋಗ ತಾನೇ ಇದು? ನಮ್ಮ ಕಡೆ ಮಂಗನ ಕಾಯಿಲೆ ತರುವುದೂ ಉಣುಗೇ. ಮನೆಯವರ ಬಗ್ಗೆ ಹುಷಾರು.

ದನದ ಡಾಕ್ಟ್ರು
ಮಳೆ ಅವರೇ, ಸುಮ್ನೆ ಹೆದರಿಸಬೇಡಿ. ಮಂಗನ ಕಾಯಿಲೆ ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು. ಅದನ್ನು ಹರಡುವ ಉಣುಗಿನ ಜಾತಿಯೂ ಬೇರೆ. ಅನಾಪ್ಲಾಸ್ಮಾ ಮಾರ್ಜಿನೇಲ್ ಬ್ಯಾಕ್ಟೀರಿಯಾ. ದನದ ಕೆಂಪು ರಕ್ತಕಣದ ಒಳಗೆ ಕೂತು ಬೆಳೆಯುತ್ತದೆ. ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಎಂದಿನಂತೆ ಕಾಯಿಸಿ ಕುಡಿಯಿರಿ.

1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರ್ನಲ್ಡ್ ಥೈಲರ್ ಎಂಬ ಪಶುವೈದ್ಯರು ಇದನ್ನು ಗುರುತಿಸಿದರು. ರಕ್ತಕಣದ ಅಂಚಿನಲ್ಲಿ, ಅಂದರೆ ಮಾರ್ಜಿನ್‌ನಲ್ಲಿ, ಸಣ್ಣ ಕಪ್ಪು ಚುಕ್ಕೆಯ ಹಾಗೆ ಕಾಣುತ್ತದೆ. ಹೆಸರು ಬಂದದ್ದು ಅದರಿಂದ. ನಿಮ್ಮ ಹಸುವಿನ ಗಂಜಲ ಕೆಂಪಾಗಿತ್ತಾ?

ಕೊಟ್ಟಿಗೆಯಾತ
ಇಲ್ಲ ಡಾಕ್ಟ್ರೇ. ಹಳದಿ ಜಾಸ್ತಿ ಇತ್ತು, ಕೆಂಪು ಇರಲಿಲ್ಲ. ಸಗಣಿ ಗಟ್ಟಿಯಾಗಿತ್ತು.

ದನದ ಡಾಕ್ಟ್ರು
ಹಾಗಾದರೆ ಸರಿ. ಗಂಜಲ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬಬೀಸಿಯಾ ಎಂಬ ಇನ್ನೊಂದು ಉಣುಗು ರೋಗ ಎಂದು ಅನುಮಾನ ಪಡಬೇಕಿತ್ತು. ಅನಾಪ್ಲಾಸ್ಮಾದಲ್ಲಿ ರಕ್ತಕಣ ರಕ್ತನಾಳದಲ್ಲೇ ಒಡೆಯುವುದಿಲ್ಲ. ಗುಲ್ಮದಂಥ ಕಡೆ ಮೈಯೇ ಅವನ್ನು ಹಿಡಿದು ನುಂಗುತ್ತದೆ. ಅದಕ್ಕೇ ರಕ್ತ ಇಳಿಯುತ್ತದೆ, ಕಾಮಾಲೆ ಬರುತ್ತದೆ, ಗಂಜಲ ಮಾತ್ರ ಕೆಂಪಾಗುವುದಿಲ್ಲ.

ಬಸ್‌ಸ್ಟ್ಯಾಂಡ್ ಬಸವ
ಇಷ್ಟೆಲ್ಲಾ ಯಾಕೆ? ಇಂಜೆಕ್ಷನ್ ಕೋರ್ಸ್ ಪೂರ್ತಿ ಮಾಡಿಸಿರಲ್ಲ. ಅರ್ಧಕ್ಕೆ ಬಿಟ್ಟರೆ ಕ್ರಿಮಿ ಔಷಧಿಗೆ ಒಗ್ಗಿಕೊಳ್ಳುತ್ತದೆ. ನಮ್ಮ ಚಿಕ್ಕಪ್ಪನಿಗೆ ಟಿಬಿಯಲ್ಲಿ ಹೀಗೇ ಆಯಿತು.

ಲ್ಯಾಬ್ ಲಲಿತೆ
ಬಸವಣ್ಣ, ಅದು ಬೇರೆ ಕಥೆ. ಔಷಧಿಗೆ ಒಗ್ಗಿಕೊಳ್ಳುವುದು ಒಂದು, ಮೈಯ ಕಾವಲಿನ ಕಣ್ಣು ತಪ್ಪಿಸುವುದು ಇನ್ನೊಂದು. ಔಷಧಿಯನ್ನೇ ಕಾಣದ ಹಸುವಿನಲ್ಲೂ ಅನಾಪ್ಲಾಸ್ಮಾ ಜೀವನಪೂರ್ತಿ ಉಳಿಯುತ್ತದೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಹಸುವಿನ ಮೈಗೆ ನೆನಪು ಚೆನ್ನಾಗಿಯೇ ಇದೆ. ಅದು ನೆನಪಿಟ್ಟುಕೊಂಡ ಮುಖವೇ ಈಗ ಚಲಾವಣೆಯಲ್ಲಿಲ್ಲ, ಅಷ್ಟೇ. ಈ ಬ್ಯಾಕ್ಟೀರಿಯಾದ ಹೊರಮೈ ತುಂಬ ಎಂಎಸ್‌ಪಿ2 ಎಂಬ ಪ್ರೊಟೀನ್ ಇರುತ್ತದೆ. ಹಸುವಿನ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳಲು ಮೈ ತಯಾರಿಸುವ ಪ್ರೊಟೀನ್‌ಗಳು, ಹಿಡಿಯುವುದು ಅದನ್ನೇ. ಪ್ರತಿಕಾಯ ತಯಾರಾಗಲು ಕೆಲವು ದಿನ ಬೇಕು. ತಯಾರಾದ ಮೇಲೆ ಆ ರೂಪದವೆಲ್ಲ ಸಾಯುತ್ತವೆ. ಅಷ್ಟರಲ್ಲಿ ಎಂಎಸ್‌ಪಿ2ನ ನಡುಭಾಗ ಬೇರೆಯಾಗಿರುವ ಕೆಲವು ಹುಟ್ಟಿರುತ್ತವೆ. ಹಳೆಯ ಪ್ರತಿಕಾಯ ಇವಕ್ಕೆ ಅಂಟುವುದಿಲ್ಲ. ಇವು ಬೆಳೆಯುತ್ತವೆ. ಮೈ ಹೊಸ ಪ್ರತಿಕಾಯ ಮಾಡುತ್ತದೆ. ಇವೂ ಸಾಯುತ್ತವೆ, ಮೂರನೇ ಗುಂಪು ಏಳುತ್ತದೆ.

ಹೀಗೆ ಐದಾರು ವಾರಕ್ಕೊಮ್ಮೆ ಒಂದು ಅಲೆ. ಒಂದು ಮಿಲಿ ರಕ್ತದಲ್ಲಿ ಇಳಿದಾಗ ನೂರರಷ್ಟು ರಕ್ತಕಣಗಳಲ್ಲಿ ರೋಗಾಣು ಇರುತ್ತದೆ, ಏರಿದಾಗ ಒಂದು ಕೋಟಿಯಷ್ಟರಲ್ಲಿ.

ಸುಮ್ನೆ ಓದುಗ
ಒಂದು ಕೋಟಿ ಅಂದರೆ ಹಸು ಸಾಯಬೇಕಲ್ವಾ?

ಲ್ಯಾಬ್ ಲಲಿತೆ
ಒಂದು ಮಿಲಿ ಹಸುವಿನ ರಕ್ತದಲ್ಲಿ 500 ಕೋಟಿಗೂ ಮೇಲೆ ಕೆಂಪು ಕಣ ಇರುತ್ತವೆ. ಅಂದರೆ ಐನೂರರಲ್ಲಿ ಒಂದು ಕೆಟ್ಟಿದೆ ಅಷ್ಟೇ. ಹಸುವಿಗೆ ಗೊತ್ತೇ ಆಗುವುದಿಲ್ಲ. ಸೂಕ್ಷ್ಮದರ್ಶಕದಲ್ಲೂ ಸಿಗುವುದು ಕಷ್ಟ. ಪಿಸಿಆರ್‌ನಲ್ಲಿ ಸಿಗುತ್ತದೆ. ಮೊದಲ ಸಲ ಜ್ವರ ಬಂದಾಗ ಇದರ ನೂರು ಪಟ್ಟು ಇರಬಹುದು, ಹಸು ಮಲಗುವುದು ಆಗ.

ಹಳ್ಳಿಕಾರ್ ಪ್ರಿಯ
ಡಾಕ್ಟರು ವೇಷ ಅಂದದ್ದು ಸರಿಯಾಗಿಯೇ ಇದೆ. ನಾವು ಚಿಕ್ಕವರಿದ್ದಾಗ ಊರಿಗೆ ಹಗಲುವೇಷದವರು ಬರುತ್ತಿದ್ದರು. ಒಂದು ದಿನ ರಾವಣ, ಮಾರನೇ ದಿನ ಬೇಟೆಗಾರ, ಅದರ ಮಾರನೇ ದಿನ ಇನ್ನೇನೋ. ಇರುವುದು ಅದೇ ನಾಲ್ಕೈದು ಜನ. ನಮ್ಮಜ್ಜಿ ಪ್ರತಿ ದಿನವೂ ಹೊಸಬರು ಬಂದರು ಅಂತ ಮೊರದಲ್ಲಿ ರಾಗಿ ಹಾಕುತ್ತಿದ್ದರು. ಹಸುವಿನ ಮೈ ನಮ್ಮಜ್ಜಿ ಇದ್ದ ಹಾಗೆ.

ಲ್ಯಾಬ್ ಲಲಿತೆ
ಅಜ್ಜಿ ಚೆನ್ನಾಗಿದ್ದಾರೆ 😄 ಹೋಲಿಕೆಯಲ್ಲಿ ಒಂದು ತೊಂದರೆ ಇದೆ. ಹಗಲುವೇಷದವರು ಬೆಳಿಗ್ಗೆ ಕೂತು ಇವತ್ತು ಯಾವ ವೇಷ ಎಂದು ತೀರ್ಮಾನ ಮಾಡುತ್ತಾರೆ. ಬ್ಯಾಕ್ಟೀರಿಯಾ ತೀರ್ಮಾನ ಮಾಡುವುದಿಲ್ಲ.

ಬಸ್‌ಸ್ಟ್ಯಾಂಡ್ ಬಸವ
ತೀರ್ಮಾನ ಮಾಡದೆ ಹೇಗೆ ಬದಲಾಗುತ್ತದೆ ಮೇಡಂ? ಪ್ರತಿಕಾಯ ಬಂತು ಅಂತ ಗೊತ್ತಾಗಿಯೇ ತಾನೇ ಅಂಗಿ ಬದಲಿಸುವುದು? ಕ್ರಿಮಿಗೆ ನಮಗಿಂತ ಬುದ್ಧಿ ಜಾಸ್ತಿ ಅಂತ ಒಪ್ಪಿಕೊಳ್ಳಿ.

ಲ್ಯಾಬ್ ಲಲಿತೆ
ಒಪ್ಪುವುದಿಲ್ಲ. ಮರುಕಳಿಸುವ ಜ್ವರದ ಬೊರೇಲಿಯಾ ಹರ್ಮ್ಸಿಯೈ ಎಂಬ ಬ್ಯಾಕ್ಟೀರಿಯಾದಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. ಒಂದೇ ಒಂದು ಬ್ಯಾಕ್ಟೀರಿಯಾವನ್ನು ಇಲಿಗೆ ಕೊಟ್ಟರು. ಅದರ ಸಂತತಿಯಲ್ಲಿ 24 ಬಗೆಯ ಹೊರಮೈ ಸಿಕ್ಕಿತು. 1982ರ ಕೆಲಸ. ಸಾವಿರದಿಂದ ಹತ್ತು ಸಾವಿರ ಬ್ಯಾಕ್ಟೀರಿಯಾಗಳಿಗೆ ಒಂದು, ಪ್ರತಿ ತಲೆಮಾರಿನಲ್ಲೂ ತನ್ನಷ್ಟಕ್ಕೆ ಬದಲಾಗುತ್ತದೆ. ಪ್ರತಿಕಾಯ ಇರಲಿ, ಇಲ್ಲದಿರಲಿ.

ಬದಲಾದದ್ದರಲ್ಲಿ ಪ್ರತಿಕಾಯ ಯಾವುದನ್ನು ಹಿಡಿಯಲಿಲ್ಲವೋ ಅದು ಉಳಿಯಿತು. ನಮ್ಮ ಕಣ್ಣಿಗೆ ಬೀಳುವುದು ಉಳಿದದ್ದು ಮಾತ್ರ. ಹಾಗಾಗಿ ಬುದ್ಧಿವಂತಿಕೆ ಅನ್ನಿಸುತ್ತದೆ. ಬದಲಾಗದೆ ಸತ್ತ ಕೋಟಿಗಳನ್ನು ಯಾರೂ ನೋಡಲಿಲ್ಲ.

ಬಸ್‌ಸ್ಟ್ಯಾಂಡ್ ಬಸವ
ಲಾಟರಿ ಅಂಗಡಿ ಮುಂದೆ ಗೆದ್ದವನ ಫೋಟೊ ಮಾತ್ರ ಹಾಕಿದ ಹಾಗೆ ಅಂತೀರಿ.

ಲ್ಯಾಬ್ ಲಲಿತೆ
ಅದೇ! ನನಗೆ ಹೊಳೆದಿರಲಿಲ್ಲ.

ಧಾರವಾಡ ಪೇಡಾ
ಒಂದು ಸಂಶಯ ನೋಡ್ರಿ. ಇಷ್ಟೊಂದು ವೇಷದ ಸಾಮಾನು ಅಷ್ಟು ಸಣ್ಣ ಜೀವಿ ಎಲ್ಲಿ ಇಟ್ಕೊಂಡಿರುತ್ತದೆ? ಒಂದೊಂದು ವೇಷಕ್ಕೆ ಒಂದೊಂದು ಜೀನ್ ಬೇಕಲ್ರಿ?

ಲ್ಯಾಬ್ ಲಲಿತೆ
ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡವಾದವರು ದಾಟಿ ಹೋಗಿ.

ಅನಾಪ್ಲಾಸ್ಮಾದ ಡಿಎನ್ಎ ಬಹಳ ಚಿಕ್ಕದು, ಸುಮಾರು 12 ಲಕ್ಷ ಅಕ್ಷರ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದ್ದು 46 ಲಕ್ಷದಷ್ಟು. 2005ರಲ್ಲಿ ಅಮೆರಿಕದ ಸೇಂಟ್ ಮೇರೀಸ್ ಎಂಬ ತಳಿಯ ಅನಾಪ್ಲಾಸ್ಮಾವನ್ನು ಪೂರ್ತಿ ಓದಿದರು. ಎಂಎಸ್‌ಪಿ2 ತಯಾರಾಗುವ ಜಾಗ ಅದರಲ್ಲಿ ಒಂದೇ. ಬೇರೆ ಬೇರೆ ಕಡೆ ಅದೇ ಜೀನಿನ ಅರೆಬರೆ ಪ್ರತಿಗಳು ಬಿದ್ದಿವೆ. ಹತ್ತಕ್ಕಿಂತ ಕಡಿಮೆ. ತಲೆ ಇಲ್ಲ, ಬಾಲ ಇಲ್ಲ. ತಮ್ಮಷ್ಟಕ್ಕೆ ಪ್ರೊಟೀನ್ ಮಾಡಲಾರವು. ಆದರೆ ಅವುಗಳ ನಡುಭಾಗದ ತುಂಡು ನಕಲಾಗಿ ಆ ಒಂದು ಜಾಗಕ್ಕೆ ಬಂದು ಕೂರುತ್ತದೆ. ಅಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಮೂಲ ಪ್ರತಿ ತನ್ನ ಜಾಗದಲ್ಲಿ ಹಾಗೇ ಇರುತ್ತದೆ.

ಪೂರ್ತಿ ತುಂಡೇ ಬರಬೇಕು ಎಂದೇನಿಲ್ಲ. ಒಂದರಿಂದ ಅಂಗೈ ಅಗಲ, ಇನ್ನೊಂದರಿಂದ ಬೆರಳುದ್ದ, ಹೀಗೆ ಬೆರೆತು ಬರಬಹುದು.

ಧಾರವಾಡ ಪೇಡಾ
ಹಂಗಂದ್ರ ಕೌದಿ! ನಮ್ಮವ್ವ ಐದು ಹಳೇ ಸೀರಿ ಇಟ್ಕೊಂಡು ಹೊಲಿದ ಕೌದಿ ಒಂದರಂಗ ಇನ್ನೊಂದು ಇರ್ತಿದ್ದಿಲ್ಲ. ಅಂಚಿನ ಪಟ್ಟಿ ಮಾತ್ರ ಎಲ್ಲಕ್ಕೂ ಒಂದೇ.

ಲ್ಯಾಬ್ ಲಲಿತೆ
ಪೇಡಾ ಅವರೇ, ಇನ್ನು ಮೇಲೆ ನಾನು ಪಾಠ ಮಾಡುವಾಗ ಕೌದಿ ಎಂದೇ ಹೇಳುತ್ತೇನೆ. ಅಂಚಿನ ಪಟ್ಟಿಯೂ ಸರಿ. ಎಂಎಸ್‌ಪಿ2ನ ಎರಡು ತುದಿಗಳು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬದಲಾಗುವುದು ನಡುಭಾಗ. ಬೇರೆ ವ್ಯತ್ಯಾಸ ಒಂದೇ. ಇಲ್ಲಿ ಸೀರೆ ಕತ್ತರಿಸುವುದಿಲ್ಲ, ಎಷ್ಟು ಕೌದಿ ಹೊಲಿದರೂ ಐದು ಸೀರೆ ಐದಾಗಿಯೇ ಉಳಿಯುತ್ತವೆ.

ಸುಮ್ನೆ ಓದುಗ
ಅಂಚು ಬದಲಾಗುವುದಿಲ್ಲ ಅಂತೀರಿ. ಹಾಗಾದರೆ ಅಂಚನ್ನೇ ಹಿಡಿಯುವ ಲಸಿಕೆ ಮಾಡಿದರೆ ಮುಗಿಯಿತಲ್ಲ. ಯಾಕೆ ಮಾಡಿಲ್ಲ?

ಜರ್ಸಿಯಲ್ಲಿರುವ ಜಯ
ಇದಕ್ಕೆ ನಾನು ಹೇಳಬಹುದು. ಸ್ವಂತ ಅನುಭವ. ನಾನಿರುವುದು ನ್ಯೂಜೆರ್ಸಿಯಲ್ಲಿ (ಜರ್ಸಿ ಹಸುವಿಗೂ ನನಗೂ ಸಂಬಂಧ ಇಲ್ಲ, ಯಾರೂ ಕೇಳಬೇಡಿ). ಹಿತ್ತಿಲ ಹುಲ್ಲು ಕತ್ತರಿಸುವಾಗ ಉಣುಗು ಕಚ್ಚಿ ಲೈಮ್ ಕಾಯಿಲೆ ಬಂತು. ಮಂಡಿ ಊದಿಕೊಂಡು ಎರಡು ವಾರ ಮೆಟ್ಟಿಲು ಹತ್ತಲಾಗಲಿಲ್ಲ.

ಲೈಮ್ ತರುವುದು ಲಲಿತೆ ಹೇಳಿದ ಬೊರೇಲಿಯಾದ ಇನ್ನೊಂದು ಜಾತಿ. ಅದಕ್ಕೂ ಇಂಥದ್ದೇ ಒಂದು ಪ್ರೊಟೀನ್ ಇದೆ. ವಿಎಲ್‌ಎಸ್‌ಇ ಅಂತ. 1997ರಲ್ಲಿ ಕಂಡುಕೊಂಡರು. ಒಂದು ಕೆಲಸ ಮಾಡುವ ಜೀನ್, ಪಕ್ಕದಲ್ಲಿ 15 ಮೂಕ ತುಂಡುಗಳು. ನಿಮ್ಮ ಕೌದಿಯೇ. ಇದರಲ್ಲೂ ಬದಲಾಗದ ಭಾಗಗಳಿವೆ. ಅದರಲ್ಲಿ ಒಂದರ ವಿರುದ್ಧ ರೋಗಿಯ ಮೈ ಜೋರಾಗಿ ಪ್ರತಿಕಾಯ ಮಾಡುತ್ತದೆ. ಆದರೆ ಬದುಕಿರುವ ಬ್ಯಾಕ್ಟೀರಿಯಾದಲ್ಲಿ ಆ ಭಾಗ ಮಡಿಕೆಯ ಒಳಗೆ ಅಡಗಿರುತ್ತದೆ. ಪ್ರತಿಕಾಯ ಇದ್ದರೂ ಕೈಗೆಟುಕುವುದಿಲ್ಲ. ಆ ಪ್ರತಿಕಾಯದಿಂದ ರಕ್ಷಣೆ ಸಿಗದಿದ್ದರೂ ಒಂದು ಉಪಯೋಗ ಆಯಿತು. ಅದನ್ನು ಹುಡುಕಿ ರೋಗ ಪತ್ತೆ ಮಾಡುವ ಪರೀಕ್ಷೆ ಬಂತು. ನನಗೆ ಮಾಡಿದ್ದೂ ಅದೇ.

ಸುಮ್ನೆ ಓದುಗ
ಕಳ್ಳನನ್ನು ಹಿಡಿಯಲಾಗದು, ಬಂದಿದ್ದ ಎನ್ನುವುದಕ್ಕೆ ಸಾಕ್ಷಿ ಮಾತ್ರ. ಚೆನ್ನಾಗಿದೆ.

ಜರ್ಸಿಯಲ್ಲಿರುವ ಜಯ
ಬಸವ ಅವರಿಗೆ ಇನ್ನೊಂದು ವಿಷಯ. ಆ ತುಂಡುಗಳಿರುವ ಪ್ಲಾಸ್ಮಿಡ್ (ಮುಖ್ಯ ಡಿಎನ್ಎಯಿಂದ ಬೇರೆಯಾಗಿರುವ ಸಣ್ಣ ಡಿಎನ್ಎ) ಕಳೆದುಕೊಂಡ ಬೊರೇಲಿಯಾವನ್ನು ಮಾಮೂಲಿ ಇಲಿಗೆ ಕೊಟ್ಟರೆ ಬೇಗ ನಾಶವಾಗುತ್ತದೆ. ಪ್ರತಿಕಾಯವನ್ನೇ ಮಾಡಲಾಗದ ಇಲಿಗೆ ಕೊಟ್ಟರೆ ಆರಾಮಾಗಿ ಬದುಕುತ್ತದೆ. ಕಾವಲು ಇಲ್ಲದ ಮನೆಯಲ್ಲಿ ವೇಷ ಬೇಕಾಗಿಲ್ಲ.

ಬಸ್‌ಸ್ಟ್ಯಾಂಡ್ ಬಸವ
ನಾನೂ ಸ್ವಲ್ಪ ಓದಿಕೊಂಡು ಬಂದೆ. ಈ ಲೈಮ್ ಬೊರೇಲಿಯಾ ಉಣುಗಿನೊಳಗೆ ಇರುವಾಗ ಬದಲಾಗುವುದಿಲ್ಲವಂತೆ. ಲ್ಯಾಬಿನ ಸೀಸೆಯಲ್ಲೂ ಇಲ್ಲ. ಪ್ರಾಣಿಯ ಮೈಗೆ ಬಂದ ಮೇಲೆ ಮಾತ್ರ. ಹಾಗಾದರೆ ತಾನೆಲ್ಲಿದ್ದೇನೆ ಅಂತ ಅದಕ್ಕೆ ಗೊತ್ತು! ಮೇಡಂ, ಈಗ ಹೇಳಿ.

ಲ್ಯಾಬ್ ಲಲಿತೆ
ಒಳ್ಳೆಯ ಏಟು. ಅರ್ಧ ಒಪ್ಪುತ್ತೇನೆ. ಪ್ರಾಣಿಯ ಮೈಯಲ್ಲಿದ್ದೇನೆ ಎನ್ನುವ ಸುಳಿವು ಅದಕ್ಕೆ ಸಿಗುತ್ತದೆ, ಬದಲಾಗುವ ಕೆಲಸ ಶುರುವಾಗುತ್ತದೆ. ಆದರೆ ಯಾವ ತುಂಡು ಬರಬೇಕು ಎಂದು ಆರಿಸುವುದಿಲ್ಲ. ಪ್ರತಿಕಾಯ ಇಲ್ಲದ ಇಲಿಯಲ್ಲೂ ಬದಲಾವಣೆ ನಡೆಯುತ್ತದೆ ಎಂದು ನೋಡಿದ್ದಾರೆ. ಜೂಜಿನ ಮನೆಗೆ ಬಂದಿದ್ದೇನೆ ಎಂದು ಗೊತ್ತು, ಎಲೆ ಯಾವುದು ಬೀಳುತ್ತದೆ ಗೊತ್ತಿಲ್ಲ.

ಬಸ್‌ಸ್ಟ್ಯಾಂಡ್ ಬಸವ
ಅರ್ಧ ಸಾಕು. ನಾನು ಗೆದ್ದೆ ಅಂತಲೇ ಬರೆದುಕೊಳ್ಳುತ್ತೇನೆ.

ಇತಿಹಾಸದ ಹುಳ
ಮೇಲೆ ಮರುಕಳಿಸುವ ಜ್ವರದ ಮಾತು ಬಂತು. ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಆದರೆ ಇದು ನಮ್ಮ ನೆಲದ ಕಥೆಯೂ ಹೌದು.

1876-78ರ ಮಹಾಬರ ಗೊತ್ತಲ್ಲ, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದದ್ದು. ಮೈಸೂರು, ಮದ್ರಾಸು, ಬೊಂಬಾಯಿ ಕರ್ನಾಟಕ ಎಲ್ಲ ಒಣಗಿಹೋಗಿತ್ತು. ಹಸಿದ ಜನ ಗುಂಪು ಗುಂಪಾಗಿ ಬೊಂಬಾಯಿಗೆ ಹೋದರು. 1877ರಲ್ಲಿ ಅಲ್ಲಿ ಒಂದು ವಿಚಿತ್ರ ಜ್ವರ ಎದ್ದಿತು. ಐದಾರು ದಿನ ಸುಡುವ ಜ್ವರ, ಆಮೇಲೆ ಒಮ್ಮೆಲೇ ಇಳಿಯುತ್ತದೆ. ಒಂದು ವಾರದ ಮಟ್ಟಿಗೆ ಆರಾಮ. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಜ್ವರ.

ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬ ವೈದ್ಯರು ಅಲ್ಲಿದ್ದರು. ಪ್ರಸಿದ್ಧ ಅಂಗರಚನೆ ಪುಸ್ತಕವೊಂದಕ್ಕೆ ಚಿತ್ರ ಬರೆದವರು ಅವರೇ. ರೋಗಿಗಳ ರಕ್ತ ನೋಡಿದರೆ ಸುರುಳಿ ಸುರುಳಿ ಜೀವಿಗಳು. ಬರ್ಲಿನ್‌ನಲ್ಲಿ ಓಬರ್‌ಮೈಯರ್ 1868ರಲ್ಲಿ ನೋಡಿ 1873ರಲ್ಲಿ ಪ್ರಕಟಿಸಿದ್ದ ಅದೇ ಜೀವಿ. ಜ್ವರ ಇರುವಾಗ ರಕ್ತದಲ್ಲಿ ಕಾಣುತ್ತದೆ, ಜ್ವರ ಬಿಟ್ಟಾಗ ಕಾಣುವುದಿಲ್ಲ, ಮರುಕಳಿಸಿದಾಗ ಮತ್ತೆ ಹಾಜರ್. ಅದು ನಡುವೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಆಗ ಉತ್ತರ ಇರಲಿಲ್ಲ. ಎಲ್ಲೂ ಹೋಗಿರಲಿಲ್ಲ. ಹಳೆ ವೇಷದವು ಸತ್ತು, ಹೊಸ ವೇಷದವು ಎಣಿಕೆಗೆ ಸಿಗದಷ್ಟು ಕಡಿಮೆ ಇದ್ದವು.

ಹೇನಿನಿಂದ ಹರಡುತ್ತದೆ ಎಂದು ತಿಳಿದದ್ದೂ ನಮ್ಮ ದೇಶದಲ್ಲೇ. 1907ರಲ್ಲಿ ನಾಸಿಕ್ ಬಳಿ, ಮ್ಯಾಕಿ ಎಂಬ ವೈದ್ಯರಿಂದ.

ಕೊಟ್ಟಿಗೆಯಾತ
ನಮ್ಮಜ್ಜ ಆ ಬರದ ಮಾತು ಬಂದರೆ ಕಳ್ಳಿಕಾಯಿ ತಿಂದ ಕಥೆ ಹೇಳುತ್ತಿದ್ದರು, ಅವರಜ್ಜನಿಂದ ಕೇಳಿದ್ದು. ಜ್ವರದ್ದು ಹೇಳಿರಲಿಲ್ಲ.

ಕುದುರೆ ಕಾಸೀಂ
ನಮ್ಮ ಕುದುರೆಗೆ ಸರ್ರಾ ಬಂದಿತ್ತು. ಜ್ವರ ಬರುತ್ತೆ ಹೋಗುತ್ತೆ, ಬರುತ್ತೆ ಹೋಗುತ್ತೆ. ಅದೂ ಇದೇ ಬ್ಯಾಕ್ಟೀರಿಯಾನಾ ಡಾಕ್ಟರ್ ಸಾಬ್?

ದನದ ಡಾಕ್ಟ್ರು
ಅಲ್ಲ ಕಾಸೀಂ ಭಾಯ್. ಸರ್ರಾದ್ದು ಟ್ರಿಪನೊಸೋಮಾ. ಬ್ಯಾಕ್ಟೀರಿಯಾಕ್ಕಿಂತ ದೊಡ್ಡ ಏಕಕೋಶ ಜೀವಿ. 1880ರಲ್ಲಿ ಪಂಜಾಬಿನಲ್ಲಿ ಗ್ರಿಫಿತ್ ಇವಾನ್ಸ್ ಗುರುತಿಸಿದ್ದು. ಆದರೆ ಆಟ ಇದೇ. ಅಂಗಿ ಬದಲಿಸುವುದರಲ್ಲಿ ಅದು ಎಲ್ಲರಿಗೂ ಗುರು.

ಸುಮ್ನೆ ಓದುಗ
ಹಾಗಾದರೆ ಟಿಬಿ, ಕುಷ್ಠ ಎಲ್ಲಾ ವರ್ಷಗಟ್ಟಲೆ ಉಳಿಯುವುದೂ ಹೀಗೇನಾ?

ಲ್ಯಾಬ್ ಲಲಿತೆ
ಇಲ್ಲ, ಎಲ್ಲವನ್ನೂ ಇದಕ್ಕೇ ಕಟ್ಟಬೇಡಿ. ಟಿಬಿಯ ದಾರಿ ತದ್ವಿರುದ್ಧ. ನಮ್ಮ ಮೈಯ ಟಿ ಕೋಶಗಳು (ಕಾವಲಿನ ಒಂದು ಬಗೆಯ ಬಿಳಿ ರಕ್ತಕಣ) ಗುರುತು ಹಿಡಿಯುವ ಅದರ ಭಾಗಗಳು ಬದಲಾಗುವುದೇ ಅಪರೂಪ. ಗುರುತು ಸಿಕ್ಕರೂ ಪರವಾಗಿಲ್ಲ ಎಂಬ ಹಾಗೆ ರೋಗಾಣುವನ್ನು ನುಂಗುವ ಕಾವಲು ಕೋಶದ ಹೊಟ್ಟೆಯೊಳಗೇ ಕೂರುತ್ತದೆ.

ವೇಷ ಬದಲಿಸುವುದರಲ್ಲಿ ಹೆಸರುವಾಸಿ ಗೊನೊರಿಯಾ. ಅದರ ಮೈಮೇಲಿನ ಎಳೆಗಳ ಪ್ರೊಟೀನ್ ಇದೇ ಥರ ನಕಲು ತುಂಡಿನಿಂದ ಬದಲಾಗುತ್ತದೆ. ಅದಕ್ಕೇ ಒಬ್ಬರಿಗೇ ಮತ್ತೆ ಮತ್ತೆ ಬರಬಹುದು. ಆ ಎಳೆಯಿಂದಲೇ ಲಸಿಕೆ ಮಾಡಿ ಅಮೆರಿಕದ ಸೈನಿಕರ ಮೇಲೆ ಪ್ರಯೋಗಿಸಿದರು. ರಕ್ಷಣೆ ಸಿಗಲಿಲ್ಲ.

ಮಲೆನಾಡ ಮಳೆ
ದನದ ವಿಷಯ ಅಂತ ಅಮ್ಮನಿಗೆ ಜೋರಾಗಿ ಓದಿ ಹೇಳುತ್ತಿದ್ದೆ. ಇಲ್ಲಿಗೆ ಬಂದು ನಿಲ್ಲಿಸಿದೆ.

ಹಳ್ಳಿಕಾರ್ ಪ್ರಿಯ
ಈಗ ಕೆಲಸದ ಮಾತು. ಹಸುವಿಗೆ ಜಾಸ್ತಿ ಔಷಧಿ ಕೊಟ್ಟು ಒಂದೂ ಉಳಿಯದ ಹಾಗೆ ತೆಗೆದುಬಿಡಬೇಕು. ಮನೆಯಲ್ಲಿ ಹಾವು ಇಟ್ಟುಕೊಂಡು ಮಲಗುತ್ತಾರಾ?

ದನದ ಡಾಕ್ಟ್ರು
ಇಲ್ಲೇ ಬಹಳ ಜನ ಎಡವುವುದು. ಮೊದಲನೆಯದಾಗಿ, ಪೂರ್ತಿ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಮಾಮೂಲಿ ಚಿಕಿತ್ಸೆಯಲ್ಲಿ ಜ್ವರ ಹೋಗುತ್ತದೆ, ರೋಗಾಣು ಉಳಿಯುತ್ತದೆ. ತೆಗೆದರೂ ಲಾಭ ಏನು? ಮೈಯಲ್ಲಿ ಸ್ವಲ್ಪ ಇರುವ ಹಸುವಿಗೆ ಸಾಮಾನ್ಯವಾಗಿ ಮತ್ತೆ ದೊಡ್ಡ ಜ್ವರ ಬರುವುದಿಲ್ಲ. ಕಾವಲು ಸದಾ ಎಚ್ಚರ ಇರುತ್ತದೆ. ಪೂರ್ತಿ ತೆಗೆದು ಅದೇ ಉಣುಗಿನ ಕೊಟ್ಟಿಗೆಯಲ್ಲಿ ಕಟ್ಟಿದರೆ ಮತ್ತೆ ಕಾಯಿಲೆಗೆ ಬಾಯಿ ತೆರೆದ ಹಾಗೆ.

ಥೈಲರ್ ಮಾಡಿದ್ದೂ ಇದೇ ಲೆಕ್ಕದ ಮೇಲೆ. ಅನಾಪ್ಲಾಸ್ಮಾ ಸೆಂಟ್ರೇಲ್ ಎಂಬ ಸೌಮ್ಯ ತಮ್ಮನನ್ನು ಜೀವಂತವಾಗಿಯೇ ಹಸುವಿಗೆ ಕೊಟ್ಟರು. ಅದು ಒಳಗೆ ಉಳಿದುಕೊಂಡು ದೊಡ್ಡಣ್ಣನ ಏಟು ತಗ್ಗಿಸುತ್ತದೆ. ನೂರು ವರ್ಷ ಕಳೆದರೂ ಇಸ್ರೇಲ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಬಳಸಿದ ಲಸಿಕೆ ಅದೇ. ಜೀವಂತ ರಕ್ತದ ಲಸಿಕೆಯಾದ್ದರಿಂದ ಬೇರೆ ರೋಗ ಸೇರಿಕೊಳ್ಳುವ ಭಯ ಇದ್ದೇ ಇದೆ. ನಮ್ಮಲ್ಲಿ ಸಿಗುವ, ಥೈಲೀರಿಯಾ ಎಂಬ ಬೇರೆಯೇ ಉಣುಗು ರೋಗದ ಲಸಿಕೆ ಇದಕ್ಕೆ ಕೆಲಸ ಮಾಡುವುದಿಲ್ಲ, ಹೆಸರು ಕೇಳಿ ಗೊಂದಲ ಬೇಡ.

ಹಳ್ಳಿಕಾರ್ ಪ್ರಿಯ
ಒಪ್ಪಿದೆ ಡಾಕ್ಟ್ರೇ. ನಾಟಿ ಹಸು ಸಾಕಿ ಅಂತ ಹೇಳಬೇಕೆಂದಿದ್ದೆ, ಅದನ್ನಾದರೂ ಒಪ್ಪುತ್ತೀರಾ?

ದನದ ಡಾಕ್ಟ್ರು
ಅರ್ಧ. ನಾಟಿ ದನಕ್ಕೆ ಉಣುಗು ಕಡಿಮೆ ಹತ್ತುತ್ತದೆ, ಕಾಯಿಲೆಯೂ ಸಾಮಾನ್ಯವಾಗಿ ಹಗುರ. ರೋಗಾಣು ಬರುವುದೇ ಇಲ್ಲ ಅಂತಲ್ಲ. ಇನ್ನೊಂದು ನೆನಪಿಡಿ, ಕರುವಾಗಿದ್ದಾಗ ತಗುಲಿದರೆ ಸಾಮಾನ್ಯವಾಗಿ ಗೊತ್ತೇ ಆಗದೆ ಹೋಗುತ್ತದೆ. ಎರಡು ಮೂರು ವರ್ಷ ದಾಟಿದ ಹಸುವಿಗೆ ಮೊದಲ ಸಲ ತಗುಲಿದರೆ ಪ್ರಾಣಕ್ಕೇ ಬರಬಹುದು.

ಗೌರಿ ಗೋಮಾಳ
ಉಣುಗು ಒಂದೇ ಅಲ್ಲ, ಸೂಜಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮೂರಿಗೆ ಇಂಜೆಕ್ಷನ್ ಕೊಡಲು ಒಬ್ಬರು ಬರುತ್ತಿದ್ದರು. ಒಂದೇ ಸೂಜಿ, ಬೀದಿಯ ಎಲ್ಲಾ ಹಸುಗಳಿಗೆ. ಕೇಳಿದರೆ "ಸ್ಪಿರಿಟ್‌ನಲ್ಲಿ ಒರೆಸಿದ್ದೀನಲ್ಲಮ್ಮ" ಎನ್ನುತ್ತಿದ್ದರು. ಆ ತಿಂಗಳು ಉಣುಗೇ ಇಲ್ಲದ ಮೂರು ಮನೆಗಳಲ್ಲಿ ಹಸು ಮಲಗಿತು. ನಮ್ಮದೊಂದು ಹೋಯಿತು. ಏಳು ತಿಂಗಳ ಗಬ್ಬ. ಈಗ ಸೂಜಿಯ ಪೊಟ್ಟಣ ನಾನೇ ತಂದಿಟ್ಟಿರುತ್ತೇನೆ, ಪ್ರತಿ ಹಸುವಿಗೂ ಹೊಸದು.

ದನದ ಡಾಕ್ಟ್ರು
ಗೌರಿಯಮ್ಮ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಕೊಂಬು ಕತ್ತರಿಸುವ, ಕಿವಿ ಓಲೆ ಹಾಕುವ ಸಾಮಾನಿಗೂ ಇದೇ ಮಾತು. ಕಚ್ಚುವ ನೊಣವೂ ರಕ್ತ ದಾಟಿಸುತ್ತದೆ. ಮೇಲ್ನೋಟಕ್ಕೆ ಚೆನ್ನಾಗಿರುವ ಹಸುವೇ ಮೂಲ, ಆದ್ದರಿಂದ ಯಾವುದಕ್ಕಿದೆ ಎಂದು ನೋಡಿ ಹೇಳಲಾಗದು.

ಕೊಟ್ಟಿಗೆಯಾತ
ಎಲ್ಲರಿಗೂ ಧನ್ಯವಾದ. ವೇಷ ಅರ್ಥವಾಯಿತು. ಮಾರುವ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಗೌರಿ ಗೋಮಾಳ
ಹೇಳಿಬಿಡಿ ಅಣ್ಣ. ಮುಚ್ಚಿಟ್ಟು ಮಾರಿದ ಹಸುವಿನ ದುಡ್ಡು ದಕ್ಕುವುದಿಲ್ಲ.

ಬಸ್‌ಸ್ಟ್ಯಾಂಡ್ ಬಸವ
ಹೇಳಿದರೆ ಹದಿನೈದು ಸಾವಿರ ಕಡಿಮೆ ಕೇಳುತ್ತಾರೆ, ಅದನ್ನೂ ಹೇಳಿ ಅಮ್ಮ.

ದನದ ಡಾಕ್ಟ್ರು
ಹೇಳಲೇಬೇಕು. ಅವರ ಕೊಟ್ಟಿಗೆಯಲ್ಲಿ ಈಗಾಗಲೇ ಉಣುಗು ಇದ್ದರೆ ಅವರ ಹಸುಗಳಲ್ಲೂ ಬಹುಶಃ ಇದೇ ಇರುತ್ತದೆ, ದೊಡ್ಡ ವ್ಯತ್ಯಾಸವಾಗದು. ಉಣುಗೇ ಇಲ್ಲದ ಶುದ್ಧ ಕೊಟ್ಟಿಗೆ, ಇರುವುದೆಲ್ಲ ವಯಸ್ಸಿಗೆ ಬಂದ ಹಸುಗಳು ಎಂದಾದರೆ ನಿಮ್ಮ ಹಸು ಅಲ್ಲಿಗೆ ಹೋಗಬಾರದು. ಮೊದಲು ಅದನ್ನು ವಿಚಾರಿಸಿ.

ಕೊಟ್ಟಿಗೆಯಾತ
ಫೋನ್ ಮಾಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಕ್ಕು, "ನಮ್ಮ ಆರಕ್ಕೂ ಟೆಸ್ಟ್ ಮಾಡಿಸಿದ್ದೆ, ನಾಲ್ಕಕ್ಕೆ ಇದೆ. ಬೇರೆ ಏನಾದರೂ ಹೊಸ ಕಾಯಿಲೆ ಇದೆಯಾ ಅಂತ ನೋಡೋಕೆ ಕೇಳಿದ್ದು" ಎಂದರು. ಆದರೂ ಐದು ಸಾವಿರ ಇಳಿಸಿದರು. ಭಾನುವಾರ ಗಾಡಿ ತರುತ್ತಾರೆ.

ಹೊಸ ಸದಸ್ಯ 41
ಇಡೀ ಚರ್ಚೆ ಓದಲಾಗಲಿಲ್ಲ. ಇಂಜೆಕ್ಷನ್ ಕೋರ್ಸ್ ಪೂರ್ತಿ ಮಾಡಿಸಿದ್ರಾ ಸರ್?

ಬಸ್‌ಸ್ಟ್ಯಾಂಡ್ ಬಸವ
ತಮ್ಮಾ, ಮೇಲೆ ಹೋಗಿ ನೋಡು. ನಾನು ಆ ಮಾತು ಹೇಳಿ ಆಗಲೇ ಬೈಸಿಕೊಂಡಾಗಿದೆ.